ಕಾರ್ಡಿನ ಹಿಂಬದಿಯಲ್ಲಿ ಏನು ಬರೆಯಬೇಕು? ನಮ್ಮ ಮೂರು ಜಿಲ್ಲೆಯ ಆಟಗಾರರ ಕಾರ್ಡು ಮಾಡುವ ಮಾತು

ಪಿಟಿ ಮಾಸ್ತರ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಕ್ರೀಡಾಕೂಟದಲ್ಲಿ ಈ ಸಲ ಮಕ್ಕಳಿಗೆ ಸರ್ಟಿಫಿಕೇಟ್ ಜೊತೆ ಒಂದೊಂದು ಸೆಟ್ ಕಾರ್ಡು ಕೊಡಬೇಕು ಅಂತ ಮಾಡಿದ್ದೇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಮೂರೂ ಜಿಲ್ಲೆಗಳ ಆಟಗಾರರ ಕಾರ್ಡು. ಮುಂದೆ ಚಿತ್ರ, ಹಿಂದೆ ಬರಹ. ಖರ್ಚು ನೋಡಿಕೊಳ್ಳಲು ಹಳೆ ವಿದ್ಯಾರ್ಥಿಗಳು ಒಪ್ಪಿದ್ದಾರೆ. ಉಳಿದಿರುವುದು ಹಿಂಬದಿ.

ಈಗ ಮಕ್ಕಳ ಕೈಯಲ್ಲಿ ಓಡಾಡುವ ಕಾರ್ಡು ನೋಡಿ. ಅಟ್ಯಾಕ್ ಇಷ್ಟು, ಡಿಫೆನ್ಸ್ ಇಷ್ಟು, ರನ್ ಇಷ್ಟು. ಆ ಮನುಷ್ಯ ಯಾರು, ಏನು ಮಾಡಿದ, ಒಂದು ಸಾಲೂ ಇಲ್ಲ. ಅನಿಲ್ ಕುಂಬ್ಳೆ ಅವರ ಟೆಸ್ಟ್ ವಿಕೆಟ್ 619. ಸರಿ. ಆದರೆ 2002ರಲ್ಲಿ ಆಂಟಿಗಾದಲ್ಲಿ ಚೆಂಡು ಬಡಿದು ಅವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡು ಮತ್ತೆ ಮೈದಾನಕ್ಕೆ ಬಂದರು, 14 ಓವರ್ ಹಾಕಿದರು, ಲಾರಾ ವಿಕೆಟ್ ತೆಗೆದರು. ಇದನ್ನು ಹೇಳಿದರೆ ನಮ್ಮ ಎಂಟನೇ ಕ್ಲಾಸಿನ ಹುಡುಗರು ಕಣ್ಣು ಬಿಟ್ಟುಕೊಂಡು ಕೇಳುತ್ತಾರೆ. 619 ಅಂದರೆ ಹೌದಾ ಸರ್ ಅಂದು ಮುಂದಕ್ಕೆ ಹೋಗುತ್ತಾರೆ.

ಹಿಂಬದಿಯಲ್ಲಿ ಹಿಡಿಸುವುದು ಐದಾರು ಸಾಲು. ಆ ಐದಾರು ಸಾಲಿನಲ್ಲಿ ಒಬ್ಬ ಆಟಗಾರನ ಕತೆ ಹೇಳುವುದು ಹೇಗೆ? ಹೊರದೇಶದ ಕಾರ್ಡುಗಳಲ್ಲಿ ಹೇಗೆ ಹೇಳಿದ್ದಾರೆ? ತಿಳಿದವರು ಬರೆಯಿರಿ. ನಮ್ಮವರಲ್ಲಿ ಯಾರ್ಯಾರ ಕಾರ್ಡು ಆಗಬೇಕು ಅನ್ನುವುದನ್ನೂ ಹೇಳಿ.

ಘಟಪ್ರಭಾ ದಂಡೆ, ಗೋಕಾಕ

ಮಾಸ್ತರ್, ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಆದರೆ ಅಂಕಿ ಬೇಡ ಅನ್ನಬೇಡಿ. ನಾವು ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡಿ ಬೆಳೆದವರು. ಎತ್ತರ, ತೂಕ, ಎದೆ, ಬೈಸೆಪ್ಸ್, ರ‍್ಯಾಂಕ್. ಒಂದು ಅಂಕಿ ಕೂಗೋದು, ಯಾರದು ಮೇಲೋ ಅವರಿಗೆ ಕಾರ್ಡು. ಯೊಕೊಝುನಾ ಕೈಗೆ ಬಂದರೆ ಯೋಚನೆ ಮಾಡದೆ ತೂಕ ಅನ್ನೋದು. ಅಂಡರ್‌ಟೇಕರ್ ಬಂದರೆ ಎತ್ತರ. ಇಂಗ್ಲಿಷ್ ಓದಲು ತಡವರಿಸುವ ಹುಡುಗನೂ ಆ ಕಾರ್ಡು ಸರಾಗವಾಗಿ ಓದುತ್ತಿದ್ದ. ಅಂಕಿ ಇದ್ದದ್ದಕ್ಕೇ ಆಟ ಆಯಿತು. ಆಟ ಆದದ್ದಕ್ಕೇ ಕಾರ್ಡು ಓಣಿ ಓಣಿ ತಿರುಗಿತು. ಬರೀ ಕತೆ ಹಾಕಿದರೆ ಮಕ್ಕಳು ಒಂದು ಸಲ ಓದಿ ಚೀಲದಲ್ಲಿ ಇಟ್ಟುಬಿಡುತ್ತಾರೆ.

ಇಲಕಲ್ ಅಕ್ಕ

ನಮ್ಮ ಕಾಲಕ್ಕೆ ಬಿಗ್ ಫನ್ ಬಬಲ್ ಗಮ್ ಇತ್ತು. ಒಳಗೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು, ರನ್ ಮತ್ತು ವಿಕೆಟ್ ಕೂಡಿಸಬೇಕಿತ್ತು. ಅಣ್ಣಂದಿರು ಗಮ್ ಜಗಿದು ಜಗಿದು ದವಡೆ ನೋವು ಅಂತ ಕೂತಿರುತ್ತಿದ್ದರು. ಕಂಪಾಸ್ ಪೆಟ್ಟಿಗೆ ತೆಗೆದರೆ ಪೆನ್ಸಿಲ್ ಇರುತ್ತಿರಲಿಲ್ಲ, ಅದರ ತುಂಬ ಆ ಚಿತ್ರಗಳೇ. ಹೆಣ್ಣುಮಕ್ಕಳ ಚಿತ್ರ ಅದರಲ್ಲಿ ಒಂದೂ ಬರಲಿಲ್ಲ. ಮಾಸ್ತರ್, ನಿಮ್ಮ ಸೆಟ್‌ನಲ್ಲಿ ಮೊದಲ ಕಾರ್ಡು ವಿಜಯಪುರದ ಕ್ರಿಕೆಟ್ ಆಟಗಾರ್ತಿ ರಾಜೇಶ್ವರಿ ಗಾಯಕವಾಡ ಅವರದು ಇರಲಿ. ಬೇರೆಯದು ಆಮೇಲೆ.

ಖಡೇಬಜಾರ ಕಾಕಾ, ಬೆಳಗಾವಿ

ಹಳೆ ಕಾರ್ಡು ಕೂಡಿಸುವುದು ನನ್ನ ಬಹಳ ವರ್ಷದ ಹವ್ಯಾಸ. ಮಾಸ್ತರ್ ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಈ ಕಾರ್ಡು ಹುಟ್ಟಿದ್ದು ಸಿಗರೇಟ್ ಪ್ಯಾಕಿನಲ್ಲಿ. ಆಗ ಪ್ಯಾಕು ತೆಳ್ಳಗಿನ ಕಾಗದದ್ದು. ಒಳಗಿನ ಸಿಗರೇಟ್ ಮುರಿಯಬಾರದು ಅಂತ ಒಂದು ದಪ್ಪ ರಟ್ಟಿನ ಚೂರು ಇಡುತ್ತಿದ್ದರು. ಹೇಗೂ ರಟ್ಟು ಇಡುತ್ತೇವೆ, ಅದರ ಮೇಲೆ ಚಿತ್ರ ಯಾಕೆ ಹಾಕಬಾರದು ಅಂತ ಕಂಪನಿಯವರಿಗೆ ಹೊಳೆಯಿತು. ಒಂದು ಸೆಟ್ ಪೂರ್ತಿ ಮಾಡಬೇಕು ಅಂತ ಗಿರಾಕಿ ಅದೇ ಕಂಪನಿ ಸಿಗರೇಟ್ ಕೊಳ್ಳುತ್ತಾನೆ ಅನ್ನೋ ಲೆಕ್ಕ. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ 50 ಕ್ರಿಕೆಟಿಗರ ಸೆಟ್ ತಂದಿತು. ಅದೇ ವರ್ಷ ರಣಜಿತ್‌ಸಿಂಹಜಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿ ಅಜೇಯ 154 ಹೊಡೆದರು. ರಣಜಿ ಅವರ ಸಿಗರೇಟ್ ಕಾರ್ಡುಗಳು ಇವತ್ತಿಗೂ ಕೈ ಬದಲಾಗುತ್ತಿವೆ. ಎರಡನೇ ಮಹಾಯುದ್ಧದ ಕಾಗದದ ಬರಗಾಲಕ್ಕೆ 1940ರಲ್ಲಿ ಇಂಗ್ಲೆಂಡಿನ ಸಿಗರೇಟ್ ಕಾರ್ಡು ನಿಂತುಹೋಯಿತು.

ಆ ಹಳೆ ಕಾರ್ಡಿನ ಹಿಂಬದಿಯಲ್ಲಿ ಬರಹ ಚಿಕ್ಕದು, ಆದರೆ ಆಟ ನೋಡಿದವರು ಬರೆದದ್ದು ಅಂತ ಗೊತ್ತಾಗುತ್ತದೆ. ಇವನು ಯಾವ ಕೌಂಟಿಗೆ ಆಡುತ್ತಾನೆ, ಯಾವ ಹೊಡೆತ ಇವನದು, ಯಾವ ಪಂದ್ಯದಲ್ಲಿ ಮಿಂಚಿದ.

ಅಮೆರಿಕದಲ್ಲಿ ಇದನ್ನು ಗಟ್ಟಿ ಮಾಡಿದವರು ಟಾಪ್ಸ್ ಕಂಪನಿಯ ಸೈ ಬರ್ಗರ್. ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ 1952ರ ಬೇಸ್‌ಬಾಲ್ ಸೆಟ್ ಜೋಡಿಸಿದರು. ಮುಂದೆ ಬಣ್ಣದ ಚಿತ್ರ, ಸಹಿ, ತಂಡದ ಲಾಂಛನ. ಹಿಂದೆ ಹೋದ ವರ್ಷದ ಅಂಕಿ, ಇಡೀ ಜೀವನದ ಅಂಕಿ, ಜೊತೆಗೆ ಆಟಗಾರನ ಬಗ್ಗೆ ಒಂದು ಪುಟ್ಟ ಬರಹ. ಮುಂದಿನ ವರ್ಷಗಳಲ್ಲಿ ಹಿಂಬದಿಗೆ ವ್ಯಂಗ್ಯಚಿತ್ರವೂ ಬಂತು. ಗೋಕಾಕದ ತಮ್ಮಾ, ಇದರಲ್ಲಿ ನಿನ್ನ ಮಾತೂ ಇದೆ, ಮಾಸ್ತರ ಮಾತೂ ಇದೆ. ಅಂಕಿಗೊಂದು ಪಟ್ಟಿ, ಕತೆಗೊಂದು ಜಾಗ. ಎರಡೂ ಹಿಡಿಸುತ್ತವೆ.

ಕಲಾದಗಿ ಹುಡುಗ

ಕಾಕಾ, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಅವರ 1952ರ ಕಾರ್ಡು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತಲ್ಲ, ಅದು ಇದೇ ಸೆಟ್ಟಾ?

ಖಡೇಬಜಾರ ಕಾಕಾ, ಬೆಳಗಾವಿ

ಅದೇ ಸೆಟ್. ಮ್ಯಾಂಟಲ್ ಕಾರ್ಡಿನ ನಂಬರ್ 311. ಸೆಟ್‌ನ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಸೀಸನ್ ಮುಗಿಯುತ್ತಾ ಬಂದಿತ್ತು. ಮಕ್ಕಳು ಕೊಳ್ಳಲಿಲ್ಲ. ಪೆಟ್ಟಿಗೆಗಟ್ಟಲೆ ಗೋದಾಮಿನಲ್ಲಿ ಉಳಿಯಿತು. ಪುಕ್ಕಟೆ ಕೊಡುತ್ತೇನೆ ಅಂದರೂ ಕೇಳುವವರಿಲ್ಲ. 1960ರಲ್ಲಿ ಬರ್ಗರ್ ಅವರೇ ಅವನ್ನು ಕಸ ಸಾಗಿಸುವ ದೋಣಿಗೆ ಹಾಕಿಸಿ ಅಟ್ಲಾಂಟಿಕ್ ಸಮುದ್ರದಲ್ಲಿ ಚೆಲ್ಲಿಸಿದರು. ಅದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಉಳಿದದ್ದು ಕಡಿಮೆ, ಅದಕ್ಕೇ ಆ ಬೆಲೆ.

ಕಲಾದಗಿ ಹುಡುಗ

ಹಾಗಿದ್ದರೆ ನಾವೂ ಕಡಿಮೆ ಪ್ರಿಂಟ್ ಮಾಡಿಸಿ, ನಂಬರ್ ಹಾಕಿಸಿದರೆ ಮುಂದೆ ಬೆಲೆ ಬರಬಹುದು ಅಲ್ವಾ? ಶಾಲೆಗೇ ಅನುಕೂಲ.

ಗ್ರಂಥಾಲಯದ ಮೇಡಂ, ಬಾಗಲಕೋಟೆ

ಬೆಲೆಗೋಸ್ಕರ ಮಾಡುವ ಕಾರ್ಡಿಗೂ ಮಕ್ಕಳಿಗೋಸ್ಕರ ಮಾಡುವ ಕಾರ್ಡಿಗೂ ಬಹಳ ಫರಕು ಇದೆ. ಬೆಲೆ ಬಂದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಹೋನಸ್ ವ್ಯಾಗ್ನರ್ ಕಾರ್ಡೇ ಸಾಕ್ಷಿ.

ವ್ಯಾಗ್ನರ್ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ದೊಡ್ಡ ಆಟಗಾರ. 1909ರ ಹೊತ್ತಿಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಬೇಸ್‌ಬಾಲ್ ಕಾರ್ಡುಗಳನ್ನು ಸಿಗರೇಟ್ ಪ್ಯಾಕಿನಲ್ಲಿ ಹಾಕಿ ಮಾರುತ್ತಿತ್ತು. ವ್ಯಾಗ್ನರ್ ತನ್ನ ಚಿತ್ರ ಹಾಕಬೇಡಿ ಅಂದರು. ಮಕ್ಕಳು ಕಾರ್ಡಿನ ಆಸೆಗೆ ತಂಬಾಕು ಕೊಳ್ಳುತ್ತಾರೆ ಅನ್ನುವುದು ಕಾರಣ ಅಂತ ಒಂದು ಮಾತು. ದುಡ್ಡು ಕೊಡದೆ ಚಿತ್ರ ಹಾಕಿದ್ದಕ್ಕೆ ಸಿಟ್ಟು ಅಂತ ಇನ್ನೊಂದು ಮಾತು. ಅವರು ಸ್ವತಃ ತಂಬಾಕು ಜಗಿಯುತ್ತಿದ್ದವರು, ಅದಕ್ಕೇ ಎರಡನೇ ಮಾತಿಗೂ ಬಲ ಇದೆ. ಏನೇ ಇರಲಿ, ಅಚ್ಚು ನಿಂತಿತು. ಇವತ್ತಿಗೆ ಆ ಕಾರ್ಡು ಹೆಚ್ಚೆಂದರೆ ಅರವತ್ತರ ಆಸುಪಾಸು ಉಳಿದಿವೆ. 2022ರಲ್ಲಿ ಒಂದು 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು.

ಈಗ ಮುಖ್ಯ ವಿಷಯ. ಅವುಗಳಲ್ಲೇ ತುಂಬ ಹೆಸರಾದ ಒಂದು ಕಾರ್ಡನ್ನು 1991ರಲ್ಲಿ ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್ಕಿ ಮತ್ತು ಅವರ ಪಾಲುದಾರ 4,51,000 ಡಾಲರ್‌ಗೆ ಕೊಂಡರು. ಮೂಲೆ ಚೂಪು, ಅಂಚು ನೇರ, ನೋಡಿದವರು ಬೆರಗಾಗುವ ಹಾಗಿತ್ತು. ದರ್ಜೆ ಕೊಡುವ ಪಿಎಸ್‌ಎ ಕಂಪನಿ ಹತ್ತಕ್ಕೆ ಎಂಟು ಕೊಟ್ಟಿತು. 2013ರಲ್ಲಿ, ಅದನ್ನು ಮೊದಲು ಮಾರಿದ್ದ ವ್ಯಾಪಾರಿ ಕೋರ್ಟಿನಲ್ಲಿ ಒಪ್ಪಿಕೊಂಡ: ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಅಂತ. ಅಷ್ಟು ಹಳೆಯ ಕಾಗದಕ್ಕೆ ಬ್ಲೇಡ್ ಹಾಕಿದ್ದು ದುಡ್ಡಿಗಾಗಿ.

ನಮ್ಮ ಕಾರ್ಡು ಮಕ್ಕಳ ಕೈಯಲ್ಲಿ ಮಡಚಿ, ಬೆವರು ಹತ್ತಿ, ಮೂಲೆ ಸವೆಯಲಿ. ಎಷ್ಟು ಮಕ್ಕಳಿದ್ದಾರೋ ಅಷ್ಟು ಅಚ್ಚು ಹಾಕಿಸಿ.

ಪಿಟಿ ಮಾಸ್ತರ, ವಿಜಯಪುರ

ಮೇಡಂ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಂಬರ್ ಗಿಂಬರ್ ಬೇಡ. ವ್ಯಾಗ್ನರ್ ಕತೆಯಿಂದ ಇನ್ನೊಂದು ವಿಷಯ ಹೊಳೆಯಿತು. ಬದುಕಿರುವ ಆಟಗಾರರಾದರೆ ಕೇಳದೆ ಕಾರ್ಡು ಮಾಡಬಾರದು. ಶಾಲೆಯ ಕೆಲಸ, ಪುಕ್ಕಟೆ ಹಂಚುತ್ತೇವೆ, ಆದರೂ ಕೇಳಬೇಕು.

ಖಡೇಬಜಾರ ಕಾಕಾ, ಬೆಳಗಾವಿ

ಕೇಳಲೇಬೇಕು. ಅಮೆರಿಕದಲ್ಲಿ ಟಾಪ್ಸ್ ಕಂಪನಿ ಆಟಗಾರನಿಗೆ ವರ್ಷಕ್ಕೆ ಕೊಡುತ್ತಿದ್ದದ್ದು 125 ಡಾಲರ್. ಕಂಪನಿ ಮಾಡುತ್ತಿದ್ದ ವ್ಯಾಪಾರ ಎಷ್ಟೋ ಪಟ್ಟು. ಆಟಗಾರರ ಸಂಘಕ್ಕೆ ಮಾರ್ವಿನ್ ಮಿಲ್ಲರ್ ಬಂದ ಮೇಲೆ ಎಲ್ಲರೂ ಒಗ್ಗಟ್ಟಾಗಿ ಚಿತ್ರ ತೆಗೆಸಿಕೊಳ್ಳಲು ನಿರಾಕರಿಸಿದರು. ಆಗ ಕಂಪನಿ ಮಾತುಕತೆಗೆ ಬಂತು. ಆ ಸಂಘ ಬಲಿತದ್ದರಲ್ಲಿ ಈ ಪುಟ್ಟ ಕಾರ್ಡಿನ ಪಾಲೂ ಇದೆ.

ಇಲಕಲ್ ಅಕ್ಕ

ಕೇಳುವಾಗ ಹೆಸರು ಹೇಗೆ ಬರೆಯಬೇಕು ಅನ್ನುವುದನ್ನೂ ಕೇಳಿ. ರಾಬರ್ಟೊ ಕ್ಲೆಮೆಂಟೆ ಅವರ ಕಾರ್ಡು ನೆನಪಾಗುತ್ತದೆ. ಪೋರ್ಟೊ ರಿಕೊದವರು, ವ್ಯಾಗ್ನರ್ ಆಡಿದ ಅದೇ ಪಿಟ್ಸ್‌ಬರ್ಗ್ ತಂಡ. 1955ರ ಮೊದಲ ಕಾರ್ಡಿನಲ್ಲಿ ಹೆಸರು ಸರಿಯಾಗಿತ್ತು. 1957ರಿಂದ 1969ರ ತನಕ ಟಾಪ್ಸ್ ಕಾರ್ಡಿನಲ್ಲಿ ಬಾಬ್ ಕ್ಲೆಮೆಂಟೆ ಅಂತ ಬಂತು. ಅಮೆರಿಕದವರ ಬಾಯಿಗೆ ಸುಲಭ ಆಗಲಿ ಅಂತ. ಅವರಿಗೆ ಅದು ಹಿಡಿಸುತ್ತಿರಲಿಲ್ಲ. ನಾನು ರಾಬರ್ಟೊ ಅಂತ ಹೇಳುತ್ತಲೇ ಬಂದರು.

1972ರ ಸೆಪ್ಟೆಂಬರ್ 30ಕ್ಕೆ ಅವರ 3,000ನೇ ಹಿಟ್. ಹಿಟ್ ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟಿದ್ದು. ಡಿಸೆಂಬರ್‌ನಲ್ಲಿ ನಿಕರಾಗುವಾದಲ್ಲಿ ಭೂಕಂಪ. ಪರಿಹಾರ ಸಾಮಾನು ಸರಿಯಾದವರ ಕೈಗೆ ಮುಟ್ಟಲಿ ಅಂತ ತಾವೇ ವಿಮಾನ ಹತ್ತಿದರು. ಡಿಸೆಂಬರ್ 31ರ ರಾತ್ರಿ ವಿಮಾನ ಸಮುದ್ರಕ್ಕೆ ಬಿತ್ತು. 1973ರ ಕಾರ್ಡು ಅವರು ಹೋದ ಮೇಲೆ ಮಕ್ಕಳ ಕೈಗೆ ಬಂತು. ಹಿಂಬದಿಯ ಪಟ್ಟಿಯಲ್ಲಿ ಹಿಟ್‌ಗಳ ಒಟ್ಟು ಲೆಕ್ಕ ಸರಿಯಾಗಿ 3,000. ಅಲ್ಲಿಂದ ಮುಂದೆ ಏರಲೇ ಇಲ್ಲ. ಗೋಕಾಕದ ಅಣ್ಣಾ, ನೀವು ಹೇಳಿದ ಅಂಕಿ ಇಂಥ ಕಡೆ ಕತೆಗಿಂತ ಜಾಸ್ತಿ ಮಾತಾಡುತ್ತದೆ. ಇದನ್ನು ನಾನು ಒಪ್ಪುತ್ತೇನೆ.

ಘಟಪ್ರಭಾ ದಂಡೆ, ಗೋಕಾಕ

ಅಕ್ಕಾ, ಇದನ್ನು ಓದಿ ಸುಮ್ಮನೆ ಕೂತೆ. ಮಾಸ್ತರ್, ಅಂಕಿ ಹಾಕುವುದಾದರೆ ಇಂಥದ್ದು ಹಾಕಿ. ಕತೆ ಒಳಗಿರುವ ಅಂಕಿ.

ಸೈಕಲ್ ಸವಾರ, ವಿಜಯಪುರ

ಮೋ ಬರ್ಗ್ ಅನ್ನೋ ಆಟಗಾರನ ಬಗ್ಗೆ ಯಾರೂ ಹೇಳಲಿಲ್ಲ. ಬೇಸ್‌ಬಾಲ್‌ನಲ್ಲಿ ಸಾಧಾರಣ ಕ್ಯಾಚರ್. ಓದಿನಲ್ಲಿ ಮಾತ್ರ ಗಟ್ಟಿಗ, ಹಲವು ಭಾಷೆ ಬಲ್ಲವರು. 1934ರಲ್ಲಿ ಬೇಬ್ ರೂತ್ ಜೊತೆ ಜಪಾನ್ ಪ್ರವಾಸಕ್ಕೆ ಹೋದಾಗ ಟೋಕಿಯೊದ ಒಂದು ಆಸ್ಪತ್ರೆಯ ಮಾಳಿಗೆ ಹತ್ತಿ ಊರನ್ನೆಲ್ಲ ಚಿತ್ರೀಕರಿಸಿಕೊಂಡು ಬಂದರು. ಯುದ್ಧದ ಕಾಲಕ್ಕೆ ಅಮೆರಿಕದ ಗೂಢಚಾರ. 1944ರಲ್ಲಿ ಜ್ಯೂರಿಕ್‌ನಲ್ಲಿ ಜರ್ಮನ್ ವಿಜ್ಞಾನಿ ಹೈಸೆನ್‌ಬರ್ಗ್ ಉಪನ್ಯಾಸಕ್ಕೆ ಹೋಗಿ ಕೂತರು. ಜರ್ಮನಿ ಅಣುಬಾಂಬ್ ಹತ್ತಿರ ಬಂದಿದೆ ಅನ್ನಿಸಿದರೆ ಅಲ್ಲೇ ಗುಂಡು ಹೊಡೆಯಬೇಕು ಅನ್ನೋ ಆದೇಶ ಇತ್ತು. ಹೊಡೆಯಲಿಲ್ಲ. 1933ರ ಗೌಡಿ ಕಂಪನಿಯ ಅವರ ಕಾರ್ಡು ನೋಡಿದವನಿಗೆ ಇದರ ಸುಳಿವೂ ಸಿಗುವುದಿಲ್ಲ. ಆಟ ಮುಗಿದ ಮೇಲೂ ಮನುಷ್ಯ ಇರುತ್ತಾನೆ ಅನ್ನೋದಕ್ಕೆ ಹೇಳಿದೆ.

ಗ್ರಂಥಾಲಯದ ಮೇಡಂ, ಬಾಗಲಕೋಟೆ

ಆಡದೆ ಇದ್ದವರೊಬ್ಬರ ಬಗ್ಗೆಯೂ ಹೇಳಲೇಬೇಕು. ಜೆಫರ್ಸನ್ ಬರ್ಡಿಕ್. ಅಮೆರಿಕದ ಸಿರಾಕ್ಯೂಸ್ ಊರಿನ ಒಂದು ವಿದ್ಯುತ್ ಸಾಮಾನಿನ ಕಾರ್ಖಾನೆಯ ಕೆಲಸಗಾರ. ಮದುವೆ ಆಗಲಿಲ್ಲ. ಸಂಬಳ ಉಳಿಸಿ ಕಾರ್ಡು ಕೂಡಿಸಿದರು. ಆಟದವು ಅಷ್ಟೇ ಅಲ್ಲ, ಜಾಹೀರಾತು ಕಾರ್ಡು, ಪೋಸ್ಟ್ ಕಾರ್ಡು, ಎಲ್ಲ. ವ್ಯಾಗ್ನರ್ ಕಾರ್ಡನ್ನು ಟಿ206 ಅನ್ನುತ್ತಾರಲ್ಲ, ಆ ನಂಬರ್ ಕೊಟ್ಟವರು ಇವರೇ. ಟಿ ಅಂದರೆ ತಂಬಾಕಿನ ಜೊತೆ ಬಂದದ್ದು. ಇವರ ಪಟ್ಟಿ ಬರುವ ತನಕ ಯಾರ ಹತ್ತಿರ ಏನಿದೆ ಅಂತ ಹೇಳಿಕೊಳ್ಳಲು ಒಂದು ದಾರಿಯೇ ಇರಲಿಲ್ಲ.

3 ಲಕ್ಷಕ್ಕೂ ಜಾಸ್ತಿ ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ. ಅಲ್ಲೇ ಒಂದು ಮೇಜು ಹಿಡಿದು, ಒಂದೊಂದನ್ನೂ ಆಲ್ಬಮ್‌ಗೆ ಅಂಟಿಸುತ್ತಾ ವರ್ಷಗಟ್ಟಲೆ ಕೂತರು. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದವು. 1963ರ ಜನವರಿಯಲ್ಲಿ ಕೊನೆಯ ಕಾರ್ಡು ಅಂಟಿಸಿ ಎದ್ದರು. ಮಾರ್ಚ್‌ನಲ್ಲಿ ತೀರಿಕೊಂಡರು. ಆ ಸಂಗ್ರಹದಲ್ಲಿ ಒಂದು ವ್ಯಾಗ್ನರ್ ಕಾರ್ಡೂ ಇದೆ.

ಗ್ರಂಥಾಲಯದಲ್ಲಿ ಕೆಲಸ ಮಾಡುವ ನನಗೆ ಇವರ ಮೇಲೆ ಬಹಳ ಗೌರವ. ಮಾಸ್ತರ್, ನಿಮ್ಮ ಸೆಟ್‌ನ ಪ್ರತಿ ಕಾರ್ಡಿಗೂ ನಂಬರ್ ಮತ್ತು ವರ್ಷ ಹಾಕಿ. ಬೆಲೆಗಲ್ಲ, ಗುರುತಿಗೆ. ಒಂದು ಪೂರ್ತಿ ಸೆಟ್ ನಮ್ಮ ಗ್ರಂಥಾಲಯಕ್ಕೆ ಕೊಡಿ. ಮುಂದೆ ಯಾರಾದರೂ ಹುಡುಕಿಕೊಂಡು ಬಂದಾಗ ಸಿಗಬೇಕು.

ಪಿಟಿ ಮಾಸ್ತರ, ವಿಜಯಪುರ

ಖಂಡಿತ ಕೊಡುತ್ತೇವೆ ಮೇಡಂ. ಈಗ ಅಕ್ಕ ಹೇಳಿದ ಮೊದಲ ಕಾರ್ಡಿಗೆ ಬರೋಣ. ನಮ್ಮ ಸಹಶಿಕ್ಷಕರೊಬ್ಬರು ಬರೆದು ಕೊಟ್ಟದ್ದು ಹೀಗಿದೆ:

“ವಿಜಯಪುರದ ಹೆಮ್ಮೆಯ ಪುತ್ರಿ, ಅಪ್ರತಿಮ ಸಾಧಕಿ ರಾಜೇಶ್ವರಿ ಗಾಯಕವಾಡ ಅವರು ತಮ್ಮ ಅಮೋಘ ಸ್ಪಿನ್ ಬೌಲಿಂಗ್ ಮೂಲಕ ದೇಶದ ಕೀರ್ತಿ ಪತಾಕೆಯನ್ನು ಹಾರಿಸಿ, ಅನೇಕ ಯುವತಿಯರಿಗೆ ಸ್ಫೂರ್ತಿಯ ಸೆಲೆಯಾಗಿದ್ದಾರೆ.”

ಹೇಳಿ.

ಇಲಕಲ್ ಅಕ್ಕ

ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಅವರು ಏನು ಮಾಡಿದರು ಅನ್ನೋದೇ ಇಲ್ಲ. ಇದು ಸನ್ಮಾನ ಪತ್ರದ ಮಾತು, ಕಾರ್ಡಿನದಲ್ಲ.

ಖಡೇಬಜಾರ ಕಾಕಾ, ಬೆಳಗಾವಿ

ಅಕ್ಕನ ಮಾತು ಖರೆ. ಒಂದು ದಿನ ಆರಿಸಿಕೊಳ್ಳಿ. ಆ ದಿನ ಏನಾಯಿತು ಅಷ್ಟೇ ಬರೆಯಿರಿ. ರಾಜೇಶ್ವರಿ ಅವರಿಗೆ ಯಾವ ದಿನ ಅಂತ ಯೋಚನೆ ಮಾಡಬೇಕಾಗಿಯೇ ಇಲ್ಲ.

ಇಲಕಲ್ ಅಕ್ಕ

ಡರ್ಬಿ. ನಾನು ಬರೆಯುತ್ತೇನೆ:

“15 ಜುಲೈ 2017, ಡರ್ಬಿ, ಇಂಗ್ಲೆಂಡ್. ಗೆದ್ದವರಿಗೆ ವಿಶ್ವಕಪ್ ಸೆಮಿಫೈನಲ್. ಆ ವಿಶ್ವಕಪ್‌ನಲ್ಲಿ ಅಲ್ಲಿಯ ತನಕ ರಾಜೇಶ್ವರಿ ಒಂದೂ ಪಂದ್ಯ ಆಡಿರಲಿಲ್ಲ. ಅವತ್ತು ಎಡಗೈಗೆ ಚೆಂಡು ಸಿಕ್ಕಿತು. 7.3 ಓವರ್, 15 ರನ್, 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಭಾರತಕ್ಕೆ 186 ರನ್ ಗೆಲುವು.”

ಪಿಟಿ ಮಾಸ್ತರ, ವಿಜಯಪುರ

ಇದೇ ಬೇಕಿತ್ತು. ಬೆಂಚಿನ ಮೇಲೆ ಕೂತ ಹುಡುಗಿಯರಿಗೆ ನಾನು ತಾಸುಗಟ್ಟಲೆ ಹೇಳುವುದನ್ನು ಈ ಒಂದು ಕಾರ್ಡು ಹೇಳುತ್ತದೆ. ಪ್ರತಿ ತಂಡದಲ್ಲಿ ಹೊರಗೆ ಕೂರುವವರು ಇರುತ್ತಾರೆ. ಕರೆ ಬಂದಾಗ ತಯಾರಿರಬೇಕು.

ಕಲಾದಗಿ ಹುಡುಗ

ವಿಶ್ವಕಪ್ ಆದ ಮೇಲೆ ಕಾರು ಕೊಡಲು ಬಂದಾಗ, ಕಾರು ಬೇಡ, ಮನೆಯವರಿಗೆ ಮನೆ ಬೇಕು ಅಂದಿದ್ದರು. ಪೇಪರಿನಲ್ಲಿ ಬಂದಿತ್ತು. ಅದನ್ನೂ ಹಾಕೋಣವಾ?

ಗ್ರಂಥಾಲಯದ ಮೇಡಂ, ಬಾಗಲಕೋಟೆ

ದೊಡ್ಡ ಮಾತು ಅದು. ಆದರೆ ಅವರ ಮನೆಯ ವಿಷಯ. ಒಪ್ಪಿಗೆ ಕೇಳಲು ಹೋದಾಗ ಅವರೇ ಹಾಕಿ ಅಂದರೆ ಹಾಕಿ. ನಾವಾಗಿ ಹಾಕಬಾರದು. ಆಟದ ಕಾರ್ಡಿಗೆ ಡರ್ಬಿ ಸಾಕು.

ಮಣ್ಣಿನ ಕುಸ್ತಿ, ಮುಧೋಳ

ಕ್ರಿಕೆಟ್ ಆಯಿತು, ಈಗ ಕುಸ್ತಿಗೆ ಬನ್ನಿ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ. 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಗ್ರೀಕೊ ರೋಮನ್ 55 ಕೆಜಿ ಕಂಚು. ಇವರ ಕಾರ್ಡಿನಲ್ಲಿ ಗ್ರೀಕೊ ರೋಮನ್ ಅಂದರೇನು ಅನ್ನುವುದನ್ನು ಬರೆಯಲೇಬೇಕು. ನಮ್ಮ ಗರಡಿಮನೆಯಲ್ಲಿ ಬೆಳೆದ ಹುಡುಗ ಮೊದಲು ಕಲಿಯುವುದೇ ಕಾಲಿಗೆ ಕೈ ಹಾಕುವುದು. ಎದುರಾಳಿಯ ಕಾಲು ಎತ್ತಿದರೆ ಅರ್ಧ ಕುಸ್ತಿ ಗೆದ್ದ ಹಾಗೆ. ಗ್ರೀಕೊ ರೋಮನ್‌ನಲ್ಲಿ ಸೊಂಟದ ಕೆಳಗೆ ಮುಟ್ಟುವ ಹಾಗಿಲ್ಲ. ಕಾಲಿನಿಂದ ಒದ್ದು ಕೆಡವುವ ಹಾಗೂ ಇಲ್ಲ. ಎದೆ, ಭುಜ, ಸೊಂಟ, ಇಷ್ಟರಲ್ಲೇ ಹಿಡಿದು ಎತ್ತಿ ಒಗೆಯಬೇಕು. ಮಣ್ಣಿನಲ್ಲಿ ಕಲಿತದ್ದರಲ್ಲಿ ಎಷ್ಟೋ ಪಟ್ಟು ಬಿಟ್ಟುಕೊಟ್ಟು ಮ್ಯಾಟ್ ಮೇಲೆ ಹೊಸದಾಗಿ ಕಲಿಯಬೇಕು. ಕಂಚಿನ ಹಿಂದೆ ಇರುವುದು ಅದು.

ಇಲಕಲ್ ಅಕ್ಕ

ಹಾಗೇ ಮಲಪ್ರಭಾ ಜಾಧವ ಅವರದೂ. ಬೆಳಗಾವಿ ಹತ್ತಿರದ ತುರಮರಿಯವರು. ಜೂಡೊ ಕಲಿತವರು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ 52 ಕೆಜಿಯಲ್ಲಿ ಕಂಚು ಗೆದ್ದರು. ಕುರಾಶ್ ಏಷ್ಯನ್ ಗೇಮ್ಸ್‌ಗೆ ಬಂದದ್ದೇ ಆ ವರ್ಷ. ಉಜ್ಬೇಕಿಸ್ತಾನದ ಕುಸ್ತಿ ಅದು. ನಿಂತೇ ಆಡಬೇಕು, ನೆಲಕ್ಕೆ ಬಿದ್ದ ಮೇಲೆ ಹಿಡಿತ ಇಲ್ಲ.

ಘಟಪ್ರಭಾ ದಂಡೆ, ಗೋಕಾಕ

ಹಾಕಿಯ ಶಂಕರ್ ಲಕ್ಷ್ಮಣ್? ಮರಾಠಾ ಲೈಟ್ ಇನ್‌ಫೆಂಟ್ರಿಯವರು. ರೆಜಿಮೆಂಟ್‌ನ ಕೇಂದ್ರ ಬೆಳಗಾವಿ. 1964ರ ಟೋಕಿಯೊ ಫೈನಲ್‌ನಲ್ಲಿ ಪಾಕಿಸ್ತಾನದ ಒಂದೂ ಗೋಲು ಒಳಗೆ ಬಿಡಲಿಲ್ಲ, 1-0.

ಖಡೇಬಜಾರ ಕಾಕಾ, ಬೆಳಗಾವಿ

ದೊಡ್ಡ ಗೋಲ್‌ಕೀಪರ್. 1956, 1960, 1964, ಮೂರು ಒಲಿಂಪಿಕ್ಸ್. ಆದರೆ ಹುಟ್ಟಿದ್ದು ಮಧ್ಯಪ್ರದೇಶದ ಮಹೂನಲ್ಲಿ, ತೀರಿಕೊಂಡದ್ದೂ ಅಲ್ಲೇ. ಅವರು ಆ ಊರಿನವರಿಗೆ ಸೇರಿದವರು. ನಮ್ಮದಲ್ಲದ್ದನ್ನು ನಮ್ಮದು ಅನ್ನಬಾರದು ತಮ್ಮಾ. ನಮ್ಮ ಊರಿನವರನ್ನೇ ನಾವು ಮರೆತಿದ್ದೇವೆ. ಫಡೆಪ್ಪ ಚೌಗುಲೆ ಅಂದರೆ ಬೆಳಗಾವಿಯಲ್ಲಿ ಎಷ್ಟು ಮಕ್ಕಳಿಗೆ ಗೊತ್ತು?

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದರು. ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕು ಅಂತ ಹಟ ಹಿಡಿದರು. ದುಡ್ಡು ಕೂಡಿತು, 1920ರಲ್ಲಿ ಆಂಟ್‌ವರ್ಪ್‌ಗೆ ಭಾರತದ ತಂಡ ಹೋಯಿತು. ಅದರಲ್ಲಿ ಚೌಗುಲೆ. ಕಾರ್ಡಿಗೆ ಹೀಗೆ ಬರೆದಿದ್ದೇನೆ:

“ಆಂಟ್‌ವರ್ಪ್, ಬೆಲ್ಜಿಯಂ, 1920. ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ತಂಡದಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಇದ್ದರು. ಆ ವರ್ಷದ ಮ್ಯಾರಥಾನ್ 42.75 ಕಿ.ಮೀ., ಈಗಿನದಕ್ಕಿಂತ ಅರ್ಧ ಕಿ.ಮೀ. ಜಾಸ್ತಿ. 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಟ ಮುಗಿಸಿದರು. 19ನೇ ಸ್ಥಾನ.”

ಪಿಟಿ ಮಾಸ್ತರ, ವಿಜಯಪುರ

ಗೆದ್ದವರು ಫಿನ್‌ಲೆಂಡಿನ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ 35 ಸೆಕೆಂಡು. ನಡುವೆ 18 ನಿಮಿಷ. ಪದಕ ಇಲ್ಲದವರ ಕಾರ್ಡು ಯಾಕೆ ಅಂತ ಯಾರಾದರೂ ಕೇಳಬಹುದು. ಓಟ ಬಲ್ಲವರಿಗೆ ಆ ಸಮಯ ಏನು ಅಂತ ಗೊತ್ತಿದೆ. ನೂರು ವರ್ಷದ ಹಿಂದೆ, ಹಡಗಿನಲ್ಲಿ ಹೋಗಿ, ಕಾಣದ ದೇಶದ ರಸ್ತೆಯಲ್ಲಿ. ನಮ್ಮ ಜಿಲ್ಲಾ ಮಟ್ಟದ ಓಟಗಾರರಿಗೆ ಈ ಸಮಯವನ್ನೇ ಗುರಿ ಕೊಡುತ್ತೇನೆ.

ಸೈಕಲ್ ಸವಾರ, ವಿಜಯಪುರ

ಸೈಕಲ್ ಇಲ್ಲದೆ ವಿಜಯಪುರದ ಸೆಟ್ ಹೇಗೆ ಆಗುತ್ತದೆ? ರಾಜ್ಯದ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ. ಈಗ ಪೆಡಲ್ ತುಳಿಯುತ್ತಿರುವವರೆಲ್ಲ ಚಿಕ್ಕ ಮಕ್ಕಳು, ಅವರ ಹೆಸರು ಬೇಡ. ಒಂದು ಕಾರ್ಡು ಆಟಕ್ಕೇ ಮೀಸಲಿಡಿ. ಟೀಮ್ ಟೈಮ್ ಟ್ರಯಲ್. ನಾಲ್ವರು ಒಂದರ ಹಿಂದೆ ಒಂದು ಚಕ್ರ ತಾಗುವ ಹಾಗೆ ಹೋಗುತ್ತಾರೆ. ಮುಂದೆ ಇರುವವರು ಗಾಳಿಗೆ ಎದೆ ಕೊಡುತ್ತಾರೆ, ಹಿಂದಿನವರಿಗೆ ಕಷ್ಟ ಕಡಿಮೆ. ಸುಸ್ತಾದ ಕೂಡಲೇ ಪಕ್ಕಕ್ಕೆ ಸರಿದು ಕೊನೆಗೆ ಹೋಗುತ್ತಾರೆ, ಎರಡನೆಯವರು ಮುಂದೆ. ಬೆಳಿಗ್ಗೆ ಬೈಪಾಸ್ ಕಡೆ ಹೋದವರು ನೋಡಿರುತ್ತೀರಿ. ಯಾಕೆ ಹಾಗೆ ಹೋಗುತ್ತಾರೆ ಅಂತ ನೋಡಿದವರಿಗೂ ಗೊತ್ತಿರುವುದಿಲ್ಲ.

ನವನಗರ ಪ್ರೆಸ್, ಬಾಗಲಕೋಟೆ

ಎಲ್ಲ ಓದಿದೆ. ಅಚ್ಚಿನ ಕಡೆಯಿಂದ ಕೆಲವು ಮಾತು. ಕಾರ್ಡಿನ ಅಳತೆ ಎರಡೂವರೆ ಇಂಚು, ಮೂರೂವರೆ ಇಂಚು ಇರಲಿ. 12 ಇಂಟು 18 ಹಾಳೆಯಲ್ಲಿ 18 ಕಾರ್ಡು ಆರಾಮಾಗಿ ಕೂರುತ್ತವೆ. 300 ಜಿಎಸ್‌ಎಂ ದಪ್ಪದ ಆರ್ಟ್ ಕಾರ್ಡ್ ಕಾಗದ ಸಾಕು. ಹಿಂಬದಿಗೆ ಹೊಳೆಯುವ ಲ್ಯಾಮಿನೇಷನ್ ಬೇಡ, ಮ್ಯಾಟ್ ಮಾಡಿಸಿ. ಬೆಳಕಿಗೆ ಹಿಡಿದರೆ ಓದಲು ಬರಬೇಕು.

ಅಕ್ಷರ 8 ಪಾಯಿಂಟ್‌ಗಿಂತ ಚಿಕ್ಕದು ಮಾಡಿಸಬೇಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಸಾಲು ಹತ್ತಿರ ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಬಡಿಯುತ್ತದೆ. ಅಕ್ಕ ಬರೆದ ಡರ್ಬಿ ಸಾಲುಗಳು ಸರಿಯಾಗಿ ಕೂರುತ್ತವೆ. ಕುಸ್ತಿಯದು ಅರ್ಧ ಆಗಬೇಕು. ಪಠ್ಯ ಯೂನಿಕೋಡ್‌ನಲ್ಲಿ ಕಳಿಸಿ, ಆದರೆ ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ಕಾಗದದ ಮೇಲೆ ನೋಡಿ ಸಹಿ ಮಾಡಿ. ಫಾಂಟ್ ಬದಲಾದಾಗ ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತದೆ.

ಒಂದು ಪ್ರಶ್ನೆ. ಚೌಗುಲೆ ಅವರ ಫೋಟೊ ಯಾರು ಕೊಡುತ್ತೀರಿ? ಗುಂಪು ಫೋಟೊ ಇದ್ದರೆ ಕತ್ತರಿಸಿ ಹಾಕಬಹುದು.

ಖಡೇಬಜಾರ ಕಾಕಾ, ಬೆಳಗಾವಿ

ಗುಂಪಿನಲ್ಲಿ ಇವರೇ ಇರಬೇಕು ಅಂತ ಅಂದಾಜಿನ ಮೇಲೆ ಕತ್ತರಿಸುವುದು ಬೇಡವೇ ಬೇಡ. 1969ರಲ್ಲಿ ಟಾಪ್ಸ್ ಕಂಪನಿಗೇ ಹಾಗಾಯಿತು. ಆರೆಲಿಯೊ ರೊಡ್ರಿಗಸ್ ಅನ್ನುವ ಮೆಕ್ಸಿಕೊದ ಆಟಗಾರನ ಕಾರ್ಡಿಗೆ, ತಂಡದ ಬ್ಯಾಟು ಎತ್ತಿಕೊಡುವ ಹುಡುಗನ ಫೋಟೊ ಹಾಕಿಬಿಟ್ಟರು. ಹೆಸರು ಒಬ್ಬರದು, ಮುಖ ಇನ್ನೊಬ್ಬರದು. ಇವತ್ತಿಗೂ ಆ ಕಾರ್ಡು ಹಾಗೇ ಇದೆ, ಲಕ್ಷಗಟ್ಟಲೆ ಜನ ನೋಡಿದ್ದಾರೆ. ಚೌಗುಲೆ ಅವರಿಗೆ ಬಹುಶಃ ಮಕ್ಕಳ ಕೈಗೆ ಸಿಗುವ ಕಾರ್ಡು ಇದೊಂದೇ. ಬೇರೆಯವರ ಮುಖ ಹೋಗಬಾರದು.

ಪಿಟಿ ಮಾಸ್ತರ, ವಿಜಯಪುರ

ಹಾಗಾದರೆ ಆ ಕಾರ್ಡಿನ ಮುಂಬದಿಗೆ ಮುಖವೇ ಬೇಡ. ಮೇಲೆ ಹೆಸರು, ನಡುವೆ ದೊಡ್ಡ ಅಕ್ಷರದಲ್ಲಿ 2:50:45, ಕೆಳಗೆ ಬೆಳಗಾವಿ, 1920. ಪ್ರೆಸ್ ಸರ್, ಇದು ಆಗುತ್ತದಾ?

ನವನಗರ ಪ್ರೆಸ್, ಬಾಗಲಕೋಟೆ

ಆರಾಮಾಗಿ ಆಗುತ್ತದೆ. ಕಡು ಹಸಿರು ಹಿನ್ನೆಲೆ, ಬಿಳಿ ಅಂಕಿ. ನಾಳೆ ಒಂದು ಮಾದರಿ ಮಾಡಿ ಇಲ್ಲೇ ಹಾಕುತ್ತೇನೆ. ಕುಸ್ತಿಯ ಸಾಲು ಮುಧೋಳದವರು ಚಿಕ್ಕದು ಮಾಡಿ ಕಳಿಸಿ, ಸೈಕಲ್ ಕಾರ್ಡಿಗೂ ಆರು ಸಾಲು ಮೀರದ ಹಾಗೆ ನೋಡಿಕೊಳ್ಳಿ.

ಮಣ್ಣಿನ ಕುಸ್ತಿ, ಮುಧೋಳ

ಇವತ್ತು ರಾತ್ರಿಯೊಳಗೆ ಕಳಿಸುತ್ತೇನೆ. ಸೊಂಟದ ಕೆಳಗೆ ಮುಟ್ಟುವ ಹಾಗಿಲ್ಲ ಅನ್ನೋ ಸಾಲು ಮಾತ್ರ ತೆಗೆಯುವುದಿಲ್ಲ.